ಬೇಡದ ಸದ್ದು

ಹೊಸ ವಸ್ತುವೊಂದು ಮನೆಯನ್ನು ಹೊಕ್ಕಾಗ ಅದರ ಬೆನ್ನಿಗೇ ಹೊಸ ಶಾಸ್ತ್ರವೊಂದೂ ಬರುತ್ತದೆ. ಹೊಲಿಗೆಯಂತ್ರ ಬಂದರೆ ಅಳತೆಯ ಶಾಸ್ತ್ರ. ಕುಕ್ಕರು ಬಂದರೆ ಸೀಟಿಯ ಶಾಸ್ತ್ರ. ದಾವಣಗೆರೆಯ ಪಿ. ಜೆ. ಬಡಾವಣೆಯ ಒಂದು ಮನೆಗೆ ಗಣಕಯಂತ್ರದ ಸಂಗೀತ ಬಂದಾಗ, ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದ ಆ ಮನೆಯ ಯಜಮಾನನ ಬಾಯಲ್ಲಿ ಮೂರು ತಿಂಗಳ ಕಾಲ ಬೇರೆ ಮಾತೇ ಇರಲಿಲ್ಲ. ಸಾಲದ ವಿಚಾರ ಕೇಳಲು ಬಂದ ನೆರೆಯವರು ಧ್ವನಿಯ ಮೇಲೊಂದು ಉಪನ್ಯಾಸ ಕೇಳಿ, ಮಂಡಕ್ಕಿ ಮೆಣಸಿನಕಾಯಿ ತಿಂದು, ಬಂದ ಕೆಲಸವನ್ನೇ ಮರೆತು ಹೊರಡುತ್ತಿದ್ದರು. “ಬ್ಯಾಂಕಿಗೆ ನಷ್ಟವಾದರೂ ಅವರಿಗೆ ಲಾಭ” ಎಂದು ಆತನ ಹೆಂಡತಿ ನಗುತ್ತಿದ್ದಳು.

ಮೊದಲು ಮನೆಯ ಹಳೆಯ ಕಂಪ್ಯೂಟರನ್ನೇ ನಡುಮನೆಗೆ ತಂದಿಟ್ಟದ್ದಾಯಿತು. ಆದರೆ ಅದರ ಹೊಟ್ಟೆಯೊಳಗಿನ ಫ್ಯಾನು ಆಲಾಪಕ್ಕೆ ತನ್ನದೇ ಶ್ರುತಿ ಹಿಡಿಯತೊಡಗಿತು. ತಂಬೂರಿ ಎಲ್ಲಿ ಮುಗಿಯಿತು, ಫ್ಯಾನು ಎಲ್ಲಿ ತೊಡಗಿತು ಎಂಬುದು ತಿಳಿಯದಾಯಿತು. ಅದರ ಸ್ಥಾನಕ್ಕೆ ಅಂಗೈಯಗಲದ, ಫ್ಯಾನಿಲ್ಲದ ಒಂದು ರಾಸ್‌ಬೆರಿ ಪೈ ಬಂತು. 2012ರಲ್ಲಿ ಇಂಗ್ಲೆಂಡಿನವರು ಮಕ್ಕಳ ಕಲಿಕೆಗೆಂದು ಹೊರತಂದ ಈ ಪುಟ್ಟ ಗಣಕ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಅದಕ್ಕೆ ಸಂಗೀತವನ್ನು ತುಂಬಿಡುವ ಡಿಸ್ಕು. ಅಂಕಿಗಳನ್ನು ಮತ್ತೆ ವಿದ್ಯುತ್ತಿನ ಅಲೆಯಾಗಿಸುವ ‘ಡ್ಯಾಕ್’ ಎಂಬ ಪೆಟ್ಟಿಗೆ. ಆ ಅಲೆಗೆ ಬಲ ಕೊಡುವ ಆಂಪ್ಲಿಫೈಯರು. ಕಟ್ಟಕಡೆಗೆ ಎರಡು ಸ್ಪೀಕರು. ಕೇಳುವವನೂ ಎರಡು ಸ್ಪೀಕರುಗಳೂ ತ್ರಿಕೋನದ ಮೂರು ಮೂಲೆಗಳಲ್ಲಿರಬೇಕೆಂದು ಸೋಫಾ ಎರಡು ಸಲ, ಗಾಜಿನ ಷೋಕೇಸು ಮೂರು ಸಲ ಸ್ಥಳ ಬದಲಿಸಿದವು. ಹರಿಹರದಿಂದ ಬಂದಿದ್ದ ವೃದ್ಧ ತಂದೆ ಇದನ್ನೆಲ್ಲ ನೋಡಿ, “ಎರಡು ಪೆಟ್ಟಿಗೆ, ನಡುವೆ ಒಬ್ಬನೇ ಗಾಯಕ! ನಮ್ಮೂರ ದೇವರು ಇವತ್ತಿನವನೇನಪ್ಪಾ? 1224ರಲ್ಲಿ ಪೋಲಾಳ್ವ ಗುಡಿ ಕಟ್ಟಿಸಿದಾಗಲೇ ಅರ್ಧ ಹರಿ, ಅರ್ಧ ಹರ, ಮೂರ್ತಿ ಒಂದೇ” ಎಂದರು.

ಮಗನಿಗೆ ‘ನಷ್ಟವಿಲ್ಲದ’ ಧ್ವನಿಯೇ ಬೇಕಾಗಿತ್ತು. ಏನಿದು ನಷ್ಟ? 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಧ್ವನಿಯ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 65,536 ಮೆಟ್ಟಿಲುಗಳಲ್ಲಿ ಒಂದರ ಮೇಲೆ ಕೂರಿಸಿ ಬರೆದಿರುತ್ತಾರೆ. ಎಡಬಲಗಳೆರಡೂ ಸೇರಿ ಒಂದು ಗಂಟೆಯ ಸಂಗೀತಕ್ಕೆ ಸುಮಾರು 63 ಕೋಟಿ 50 ಲಕ್ಷ ಬೈಟುಗಳು ಬೇಕು. ಡಿಸ್ಕುಗಳು ದುಬಾರಿಯಾಗಿದ್ದ, ತಂತಿಯ ಮೇಲಿನ ಸಂಚಾರ ಆಮೆಯ ನಡಿಗೆಯಾಗಿದ್ದ ಕಾಲದಲ್ಲಿ ಇಷ್ಟನ್ನು ಹೊರುವವರಾರು? ಆದ್ದರಿಂದ ಜರ್ಮನಿಯ ವಿಜ್ಞಾನಿಗಳು ಮತ್ತಿತರರು ಸೇರಿ ಎಂಪಿ3 ಎಂಬ ಉಪಾಯವನ್ನು ರೂಪಿಸಿದರು. ಜೋರಾದ ಸ್ವರದ ಮಗ್ಗುಲಲ್ಲಿ ಸಣ್ಣ ಸ್ವರವಿದ್ದರೆ ಕಿವಿ ಅದನ್ನು ಗಮನಿಸುವುದಿಲ್ಲ. ಡೊಳ್ಳಿನ ಪಕ್ಕದಲ್ಲಿ ಪಿಸುಮಾತು ಕೇಳುವುದುಂಟೆ? ಕೇಳದ್ದನ್ನು ಇಟ್ಟುಕೊಂಡೇನು ಫಲವೆಂದು ಅದನ್ನು ಬಿಟ್ಟುಬಿಡುವುದೇ ಈ ವಿದ್ಯೆಯ ಗುಟ್ಟು. ಸೆಕೆಂಡಿಗೆ 128 ಸಾವಿರ ಬಿಟ್‌ಗಳ ಎಂಪಿ3, ಸಿ.ಡಿ.ಯ ಹನ್ನೊಂದನೆಯ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಬಿಟ್ಟದ್ದು ಬಿಟ್ಟಂತೆಯೇ, ಮರಳಿ ಬಾರದು.

2001ರಲ್ಲಿ ಜಾಶ್ ಕೋಲ್ಸನ್ ಎಂಬಾತ ಸಿದ್ಧಪಡಿಸಿ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟ ‘ಫ್ಲ್ಯಾಕ್’ನ ದಾರಿ ಬೇರೆ. ಅದನ್ನು ವಿವರಿಸಲು ಮಗ ಅಡುಗೆಮನೆಯ ಗೋಡೆಯ ಕ್ಯಾಲೆಂಡರನ್ನು ತೋರಿಸುತ್ತಿದ್ದ. ವರ್ತನೆಯ ಹಾಲು ದಿನಕ್ಕೊಂದು ಲೀಟರು ಎಂದು ಗೊತ್ತಾದ ಮೇಲೆ ಮೂವತ್ತು ದಿನವೂ ‘ಒಂದು, ಒಂದು’ ಎಂದು ಯಾವ ಗೃಹಿಣಿ ಬರೆಯುತ್ತಾಳೆ? ಹಬ್ಬದ ದಿನ ಅರ್ಧ ಹೆಚ್ಚು, ಊರಿಗೆ ಹೋದ ದಿನ ಇಲ್ಲ. ವ್ಯತ್ಯಾಸವಾದದ್ದನ್ನಷ್ಟೆ ಗುರುತು ಹಾಕಿದರೆ ಸಾಕು. ತಿಂಗಳ ಕೊನೆಗೆ ಲೆಕ್ಕ ಒಂದು ಹನಿಯೂ ತಪ್ಪುವುದಿಲ್ಲ. ಫ್ಲ್ಯಾಕ್ ಕೂಡ ಹಿಂದಿನ ಅಳತೆಗಳನ್ನು ನೋಡಿ ಮುಂದಿನದು ಇಷ್ಟಿರಬೇಕೆಂದು ಊಹಿಸುತ್ತದೆ. ಊಹೆಗೂ ನಿಜಕ್ಕೂ ಇರುವ ಅಂತರವನ್ನು ಮಾತ್ರ ಬರೆದಿಡುತ್ತದೆ. ಗಾತ್ರ ಎಷ್ಟೋ ಸಲ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಬಿಚ್ಚಿದಾಗ ಮೂಲದ ಪ್ರತಿಯೊಂದು ಅಂಕಿಯೂ ಇದ್ದಲ್ಲೇ ಇರುತ್ತದೆ.

ಹಿಂದೆ ಓಲೆಗರಿಯ ಗ್ರಂಥಗಳನ್ನು ಪ್ರತಿ ಮಾಡುತ್ತಿದ್ದ ಲಿಪಿಕಾರರು ಕೊನೆಯಲ್ಲಿ, ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂದು ಬಲ್ಲವರನ್ನು ಬೇಡಿಕೊಳ್ಳುತ್ತಿದ್ದುದುಂಟು. ಪ್ರತಿಯ ಪ್ರತಿಯಾಗುತ್ತ ಅಕ್ಷರ ಜಾರಿ, ಪಾಠಾಂತರಗಳು ಹುಟ್ಟಿ, ವಿದ್ವಾಂಸರಿಗೆ ಕೆಲಸವಾಗುತ್ತಿತ್ತು. ಫ್ಲ್ಯಾಕ್ ಎಂಬ ಲಿಪಿಕಾರ ಕ್ಷಮೆ ಬೇಡುವುದಿಲ್ಲ. ಮೂಲದ ಅಂಕಿಗಳನ್ನೆಲ್ಲ ಗುಣಿಸಿ ಕೂಡಿಸಿ ಒಂದು ಮುದ್ರೆಯನ್ನು ಫೈಲಿನ ತಲೆಯ ಮೇಲೆಯೇ ಒತ್ತಿರುತ್ತದೆ. ಯಾವಾಗ ಬೇಕಾದರೂ ಲೆಕ್ಕ ಹಾಕಿ ತಾಳೆ ನೋಡಬಹುದು. ಮನ್ಸೂರರ, ಗಂಗೂಬಾಯಿಯವರ, ಭೀಮಸೇನ ಜೋಶಿಯವರ ಇನ್ನೂರು ಸಿ.ಡಿ.ಗಳನ್ನು ಮಗ ಹೀಗೆ ಒಂದೊಂದಾಗಿ ಇಳಿಸಿ, ಗೀರು ಬಿದ್ದವನ್ನು ಎರಡೆರಡು ಸಲ ಓದಿಸಿ, ಮುದ್ರೆ ತಾಳೆಯಾದ ಮೇಲೆಯೇ ಮಲಗುತ್ತಿದ್ದ.

ಒಂದು ಭಾನುವಾರ ಹೆಂಡತಿ ಅವನಿಗೊಂದು ಪರೀಕ್ಷೆ ಇಟ್ಟಳು. ಒಂದೇ ಹಾಡನ್ನು ಒಮ್ಮೆ ಫ್ಲ್ಯಾಕಿನಿಂದ, ಒಮ್ಮೆ ಒಳ್ಳೆಯ ದರ್ಜೆಯ ಎಂಪಿ3ಯಿಂದ, ಯಾವುದೆಂದು ಹೇಳದೆ ನುಡಿಸಿದಳು. ಹತ್ತು ಸಲದಲ್ಲಿ ಆತ ಸರಿಯಾಗಿ ಹೇಳಿದ್ದು ಐದು ಸಲ. “ನಾಣ್ಯ ಚಿಮ್ಮಿದ್ದರೂ ಇಷ್ಟೇ ಅಂಕ ಬರುತ್ತಿತ್ತು” ಎಂದಳು ಆ ಸಾಧ್ವಿ. ಆತ ಪೆಚ್ಚಾದ. ಕಿವಿಗೆ ತಿಳಿಯದ ಭೇದಕ್ಕಾಗಿ ಇಷ್ಟೆಲ್ಲ ಏಕೆ? ಈ ಪ್ರಶ್ನೆಗೆ ಆತನ ಪುಸ್ತಕಗಳಲ್ಲಿ ಉತ್ತರವಿರಲಿಲ್ಲ. ಉತ್ತರ 14 ಕಿಲೋಮೀಟರ್ ಆಚೆ, ಹರಿಹರದ ಒಂದು ಹಳೆಯ ಮನೆಯ ಅಟ್ಟದ ಮೇಲಿತ್ತು.

ತಾಯಿ ತೀರಿಕೊಂಡದ್ದು 2009ರಲ್ಲಿ. ಆಕೆಯ ಕಂಠ ಉಳಿದದ್ದು ಒಂದೇ ಒಂದು ಕ್ಯಾಸೆಟ್ಟಿನಲ್ಲಿ. 1984ರಲ್ಲಿ ಕಾರ್ಖಾನೆಯ ಗೆಳೆಯರೊಬ್ಬರು ಹೊಸ ಟೇಪ್ ರೆಕಾರ್ಡರು ತಂದಾಗ, ಎಲ್ಲರ ಒತ್ತಾಯಕ್ಕೆ ಮಣಿದು, ಅಕ್ಕಮಹಾದೇವಿಯ ವಚನವೊಂದನ್ನು ಆಕೆ ಹಾಡಿದ್ದಳು. ತಾಯಿ ಹೋದ ವರ್ಷ ಮಗ ಅದನ್ನು ಕಂಪ್ಯೂಟರಿಗೆ ಇಳಿಸಿದ್ದ. ಹಿಂದಿನ ಸರಬರ ಸದ್ದನ್ನು ಒಂದು ತಂತ್ರಾಂಶದಿಂದ ತೊಳೆದು, ಹಾಡಿನ ಮುಂದಿದ್ದದ್ದನ್ನೂ ಹಿಂದಿದ್ದದ್ದನ್ನೂ ಕತ್ತರಿಸಿ, ಮೊಬೈಲಿನಲ್ಲಿ ಹಿಡಿಸುವಷ್ಟು ಚಿಕ್ಕ ಎಂಪಿ3 ಮಾಡಿ ಬಂಧುಗಳಿಗೆಲ್ಲ ಹಂಚಿದ್ದ. ಎಲ್ಲರೂ ಮೆಚ್ಚಿದರು. ತಂದೆ ಮಾತ್ರ ಒಂದು ಸಲ ಕೇಳಿ, “ಚೆನ್ನಾಗಿದೆ” ಎಂದು ಸುಮ್ಮನಾಗಿದ್ದರು.

ಹೊಸ ಸ್ಪೀಕರುಗಳಲ್ಲಿ ಈಗ ಅದೇ ಹಾಡು ಕೇಳಿತು. ಧ್ವನಿ ನೀರಿನೊಳಗಿಂದ ಬಂದಂತಿತ್ತು, ‘ಸ’ಕಾರ ‘ಶ’ಕಾರಗಳು ಕರಗಿದ್ದವು, ಸಾಲಿಗೂ ಸಾಲಿಗೂ ನಡುವೆ ತಾಯಿ ಉಸಿರಾಡಿದ್ದೇ ಇಲ್ಲವೆಂಬಂತೆ ಮೌನವಿತ್ತು. ಆತ ಆ ಫೈಲನ್ನು ಫ್ಲ್ಯಾಕಿಗೆ ಬದಲಿಸಿ ನೋಡಿದ. ಗಾತ್ರ ಹಲವು ಪಟ್ಟು ಬೆಳೆಯಿತು, ಉಸಿರು ಬರಲಿಲ್ಲ. ನೀರು ಹಾಕಿದ ಹಾಲನ್ನು ದೊಡ್ಡ ಪಾತ್ರೆಗೆ ಸುರಿದರೆ ಹಾಲು ಗಟ್ಟಿಯಾದೀತೆ?

“ಆ ಕ್ಯಾಸೆಟ್ಟು ಎಲ್ಲಿ ಹೋಯಿತೋ, ಅಪ್ಪಾಜಿ?” ಎಂದು ಮಗ ಅಳುಕುತ್ತ ಕೇಳಿದ. ಮನೆಗೆ ಸುಣ್ಣ ಬಳಿಸಿದಾಗ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಗುಜರಿಗೆ ಹಾಕಿದವನು ಆತನೇ.

“ಅದು ನನ್ನ ಹತ್ತಿರ ಇದೆ” ಎಂದರು ತಂದೆ.

1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ತಂದೆ ತಮ್ಮ ಯೌವನವನ್ನೆಲ್ಲ ಅಲ್ಲಿಯೇ ಕಳೆದವರು. ಈ ಶತಮಾನದ ಮೊದಲ ವರ್ಷಗಳಲ್ಲಿ ಅದು ಬಾಗಿಲು ಹಾಕಿದಾಗ ಅವರು ಮನೆಗೆ ತಂದದ್ದು ತಮ್ಮ ಸ್ವಂತದ ಉಪಕರಣಗಳ ಒಂದು ಕಬ್ಬಿಣದ ಪೆಟ್ಟಿಗೆಯನ್ನು. ಮಗ ಅಟ್ಟದಿಂದ ಇಳಿಸಿದ ಆ ಪೆಟ್ಟಿಗೆಯಲ್ಲಿ, ಎಣ್ಣೆ ಸವರಿದ ಮೈಕ್ರೋಮೀಟರಿನ ಪಕ್ಕ, ಬನೀನು ಬಟ್ಟೆಯಲ್ಲಿ ಸುತ್ತಿದ ಕ್ಯಾಸೆಟ್ಟು ಮಲಗಿತ್ತು.

ಕ್ಯಾಸೆಟ್ಟಿನ ಸ್ಥಿತಿ ಸಮಾಧಾನಕರವಾಗಿರಲಿಲ್ಲ. ಟೇಪನ್ನು ತಲೆಗೆ ಒತ್ತಿಹಿಡಿಯುವ ಪುಟ್ಟ ಬಟ್ಟೆಯ ಮೆತ್ತೆ ಅಂಟು ಒಣಗಿ ಕಳಚಿಬಿದ್ದಿತ್ತು. ತಂದೆ ಕನ್ನಡಕ ಏರಿಸಿ, ಸ್ಕ್ರೂ ಬಿಚ್ಚಿ, ನಾಲ್ಕು ಮಿಲಿಮೀಟರಿಗೂ ಕಡಿಮೆ ಅಗಲದ ಆ ಟೇಪಿನ ಸುರುಳಿಗಳನ್ನು ಇನ್ನೊಂದು ಕ್ಯಾಸೆಟ್ಟಿನ ಒಡಲಿಗೆ ವರ್ಗಾಯಿಸಿದರು. ಎಪ್ಪತ್ತೆಂಟರ ಕೈ ಕಾಫಿಯ ಲೋಟ ಹಿಡಿದಾಗ ನಡುಗುತ್ತಿತ್ತು; ಸ್ಕ್ರೂಡ್ರೈವರು ಹಿಡಿದಾಗ ನಡುಗಲಿಲ್ಲ. ಆದರೆ ಹಾಕಿ ನುಡಿಸಿದರೆ ಧ್ವನಿ ಮಂಕು. ಅಂದು ಹಾಡನ್ನು ಹಿಡಿದ ಯಂತ್ರದ ತಲೆ ಕೂದಲೆಳೆಯಷ್ಟು ಓರೆಯಾಗಿದ್ದಿರಬೇಕು. ಇಂದು ನುಡಿಸುವ ತಲೆ ಅಷ್ಟೇ ಓರೆಯಾಗಿ ನಿಲ್ಲದಿದ್ದರೆ ಟೇಪಿನಲ್ಲಿರುವ ಸೂಕ್ಷ್ಮಸ್ವರಗಳು ಹೊರಬರವು. “ನೂರರಲ್ಲಿ ಒಂದು ಮಿಲಿಮೀಟರು ನೋಡಿ ಬದುಕಿದವನು ನಾನು” ಎಂದು ತಂದೆ ತಲೆಯ ಪಕ್ಕದ ಸ್ಕ್ರೂವಿನ ಮೂಲಸ್ಥಾನಕ್ಕೆ ಗುರುತು ಹಾಕಿ ಅದನ್ನು ತಿರುಗಿಸತೊಡಗಿದರು.

ಕೈ ಇತ್ತು, ಕಿವಿ ಇರಲಿಲ್ಲ. ಮುಪ್ಪು ಮೊದಲು ಕಸಿಯುವುದು ಕಿವಿಯ ಮೇಲಿನ ಸ್ವರಗಳನ್ನು. ಅದರಲ್ಲೂ ದಶಕಗಳ ಕಾಲ ಯಂತ್ರಗಳ ಗದ್ದಲ ಕೇಳಿದ ಕಿವಿ. ಹನ್ನೊಂದು ವರ್ಷದ ಮೊಮ್ಮಗಳು ಸ್ಪೀಕರಿನ ಮುಂದೆ ಕೂತಳು. “ಇನ್ನೂ ಸ್ವಲ್ಪ, ಅಜ್ಜಾ... ಇನ್ನೂ... ಹಾಂ, ದಾಟಿತು, ಹಿಂದೆ ಬನ್ನಿ... ನಿಲ್ಲಿಸಿ! ಅಜ್ಜಿ ಬಂದಳು!” ಆಕೆ ಹುಟ್ಟುವ ಮೊದಲೇ ತೀರಿಹೋದ ಅಜ್ಜಿ. ಸ್ಕ್ರೂ ನಿಂತಿತು. ಕೋಣೆಯಲ್ಲಿ ಒಂದು ಗಳಿಗೆ ಯಾರೂ ಮಾತನಾಡಲಿಲ್ಲ.

ಮಗ ಟೇಪನ್ನು ಮೊದಲಿನಿಂದ ಕೊನೆಯವರೆಗೆ ಏನನ್ನೂ ತೊಳೆಯದೆ, ಏನನ್ನೂ ಕತ್ತರಿಸದೆ ಇಳಿಸಿಕೊಂಡ. ಸರಬರ ಸದ್ದಿನ ನಡುವೆ ತಾಯಿ ಗಂಟಲು ಸರಿಮಾಡಿಕೊಂಡಳು. ಹಾಡಿದಳು. ಪ್ರತಿ ಸಾಲಿನ ಮುಂಚೆಯೂ ಉಸಿರು ತೆಗೆದುಕೊಂಡಳು. ಎಲ್ಲೋ ಪಾತ್ರೆ ಸದ್ದಾಯಿತು, ಯಾರೋ ಕೆಮ್ಮಿದರು. ಹಾಡು ಮುಗಿಯುತ್ತಿದ್ದಂತೆಯೇ ದೂರದಿಂದ ಕಾರ್ಖಾನೆಯ ಸೈರನ್ನು ನೀಳವಾಗಿ ಕೂಗಿತು. ಅದರ ಮೇಲೆಯೇ ತಾಯಿಯ ಮಾತು, ಹಾಡಿನ ಧ್ವನಿಯಲ್ಲಲ್ಲ, ದಿನನಿತ್ಯದ ಧ್ವನಿಯಲ್ಲಿ: “ಸಾಕು ಬಂದ್ ಮಾಡ್ರೀ. ಸೈರನ್ ಆತು. ಉಂಡು ಹೋಗ್ರಿ.”

ಅಲ್ಲಿಗೆ ಟೇಪು ನಿಂತಿತು.

ತಂದೆ ಬಹಳ ಹೊತ್ತು ನೆಲ ನೋಡುತ್ತ ಕೂತಿದ್ದರು. “ಕೆಮ್ಮಿದವನು ನಾನು” ಎಂದರು. ಸ್ವಲ್ಪ ತಡೆದು, “ನಿನ್ನ ಮೊಬೈಲಿನ ಹಾಡಿನಲ್ಲಿ ಅವಳು ಹಾಡುತ್ತಿದ್ದಳು. ಆದರೆ ನನ್ನನ್ನು ಕರೆಯುತ್ತಿರಲಿಲ್ಲ” ಎಂದರು.

ಮಗನಿಗೆ ಹೆಂಡತಿಯ ಪರೀಕ್ಷೆಯ ಉತ್ತರ ಅಂದು ಸಿಕ್ಕಿತು. ಎಂಪಿ3 ತಪ್ಪು ಮಾಡಿರಲಿಲ್ಲ. ಕಿವಿಗೆ ಬೇಡವೆಂದು ತಾನು ತಿಳಿದದ್ದನ್ನು ಬಿಟ್ಟಿತ್ತು. ತಂತ್ರಾಂಶವೂ ತಪ್ಪು ಮಾಡಿರಲಿಲ್ಲ, ಹಾಡಲ್ಲದ್ದನ್ನು ತೊಳೆದಿತ್ತು. ಕತ್ತರಿ ಹಿಡಿದಿದ್ದ ಆತನಿಗೆ ಆ ದಿನ ಸೈರನ್ನು ಕೇವಲ ಸೈರನ್ನಾಗಿತ್ತು. ಬೇಡದ್ದು ಯಾವುದೆಂದು ಇಂದು ನಿರ್ಣಯಿಸುವವನು, ನಾಳೆ ಅದನ್ನು ಬೇಡುವವನ ಪರವಾಗಿ ಸಹಿ ಹಾಕಿದಂತೆಯೇ ಸರಿ. ಸಿ.ಡಿ.ಗಳ ಮಟ್ಟಿಗೆ ಈ ನಷ್ಟ ಕಿವಿಗೆ ಬೀಳದಷ್ಟು ಸಣ್ಣದು. ಅಂಗಡಿಯಲ್ಲಿ ಇನ್ನೊಂದು ಪ್ರತಿಯೂ ದೊರೆತೀತು. ಒಂದೇ ಪ್ರತಿಯಿರುವ ಧ್ವನಿಗೆ ಆ ಸಮಾಧಾನವಿಲ್ಲ. ಅದನ್ನು ಮೊದಲು ಇದ್ದದ್ದು ಇದ್ದ ಹಾಗೆ ಎತ್ತಿಡಬೇಕು. ತೊಳೆಯುವುದು, ಕಿರಿದು ಮಾಡುವುದು, ಹಂಚುವುದು ಎಲ್ಲವನ್ನೂ ಆಮೇಲೆ, ಅದರ ಪ್ರತಿಯ ಮೇಲೆ ಮಾಡಬೇಕು.

ಡಿಸ್ಕು ಕೆಟ್ಟರೆ ಏನು ಗತಿಯೆಂದು ಮಗ ಇನ್ನೊಂದು ಡಿಸ್ಕಿನಲ್ಲಿ ಎಲ್ಲವನ್ನೂ ಪ್ರತಿ ಮಾಡಿದ. ಎರಡೂ ಒಂದೇ ಮನೆಯಲ್ಲಿರಬಾರದೆಂಬ ನಿಯಮದಂತೆ ಅದನ್ನು ತಂದೆಯ ವಶಕ್ಕೆ ಕೊಟ್ಟ. ಸಂಜೆಯ ಬಸ್ಸಿಗೆ ಹೊರಟ ತಂದೆ ಡಿಸ್ಕನ್ನೂ ಕ್ಯಾಸೆಟ್ಟನ್ನೂ ಒಂದೇ ಬನೀನು ಬಟ್ಟೆಯಲ್ಲಿ ಸುತ್ತಿ, ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡರು. ಸೊಸೆ ಬಾಗಿಲವರೆಗೆ ಬಂದು, “ಮಾವಾ, ಉಂಡು ಹೋಗಿ” ಎಂದಳು.

ಅವರು ಒಂದು ಕ್ಷಣ ನಿಂತರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದರು.