ತಡವಾಗಿ ಬಂದ ದನಿ

ಕಲಬುರಗಿಯ ರೋಜಾದಲ್ಲಿ ಆ ವೃದ್ಧರ ಹಳೆಯ ರೇಡಿಯೋ ಮೂಕವಾಗಿತ್ತು. 1966ರಲ್ಲಿ ಊರಿಗೆ ಆಕಾಶವಾಣಿ ಕೇಂದ್ರ ಬಂದಂದಿನಿಂದ ಅವರ ಮುಂಜಾವು ಅದರಿಂದಲೇ ಮೊದಲಾಗುತ್ತಿದ್ದಿತು. ಮಡದಿ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದಿದ್ದ ದನಿಯೂ ಅದೊಂದೇ.

ರಜೆಗೆ ಬಂದ ಮೊಮ್ಮಗಳು ಅವರ ಮೊಬೈಲಿಗೆ ಆಕಾಶವಾಣಿಯ ಆ್ಯಪ್ ಇಳಿಸಿ, ಕಲಬುರಗಿ ಕೇಂದ್ರವನ್ನು ಹುಡುಕಿ ಕೊಟ್ಟಳು. ಪರದೆ ಆರಿದೊಡನೆ ದನಿಯೂ ನಿಲ್ಲುತ್ತಿದ್ದಿತು; ಆ ಆ್ಯಪಿನ ಮಟ್ಟಿಗೆ ಬ್ಯಾಟರಿ ಉಳಿತಾಯದ ಕಟ್ಟನ್ನು ಸಡಿಲಿಸಿದಳು. ದನಿ ನಿಲ್ಲಲಿಲ್ಲ.

ಆದರೆ ನೆರೆಮನೆಯ ರೇಡಿಯೋ ನುಡಿದುದನ್ನು ಇದು ಕೆಲವು ಕ್ಷಣ ತಡೆದು ನುಡಿಯಿತು. ಅಂತರ್ಜಾಲದಲ್ಲಿ ದನಿಯು ತುಣುಕುಗಳಾಗಿ ಬಂದು, ಒಂದಿಷ್ಟು ಕೂಡಿದ ಬಳಿಕವೇ ಹೊರಡುವುದಷ್ಟೆ! ಮೊಮ್ಮಗಳು ಪೆಚ್ಚಾದಳು.

ಅಜ್ಜ ನಕ್ಕರು: “ತಡ ಆದ್ರೇನವ್ವಾ? ಬೆಂಗಳೂರಾಗ ನೀನೂ ಇದನ್ನೇ ಹಚ್ಚು. ಇಬ್ರೂ ಕೂಡೇ ಕೇಳಿದಂಗಾಗ್ತದ.”