ತಟ್ಟಿ ನೋಡಿದ ಕಪ್ಪುಕುಳಿ

ವಿಜಯನಗರದ ಮಾರುತಿ ಮಂದಿರದ ಹತ್ತಿರ ಅವರದೊಂದು ಪಾತ್ರೆ ಅಂಗಡಿ. ಸ್ಟೀಲ್ ಸಾಮಾನುಗಳ ನಡುವೆ ಇಂದಿಗೂ ಒಂದು ಸಾಲು ಹಿತ್ತಾಳೆ, ಕಂಚಿಗೆ ಮೀಸಲು. ಯಾರಾದರೂ ಪೂಜೆಯ ಗಂಟೆ ಕೇಳಿದರೆ ಅವರು ಅದನ್ನು ಎತ್ತಿ ಹಿಡಿದು ಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟುತ್ತಾರೆ. ನಾದ ತುಂಬಿ ಬಂದರೆ ಸರಿ. ಒಡಕು ದನಿ ಬಂದರೆ, ಕಣ್ಣಿಗೆ ಬಿರುಕು ಕಾಣದಿದ್ದರೂ ಪಕ್ಕಕ್ಕಿಡುತ್ತಾರೆ. ಮೂವತ್ತು ವರ್ಷಗಳ ವ್ಯಾಪಾರದಲ್ಲಿ ಕಿವಿ ಅವರಿಗೆ ಮೋಸ ಮಾಡಿದ್ದು ಕಡಿಮೆ.

ಅಂಥವರ ಮನೆಯಲ್ಲಿ ಒಂದು ಬೇಸಗೆಯಲ್ಲಿ ಮಾತು ಕಡಿಮೆಯಾಯಿತು. ಮಗಳು ದ್ವಿತೀಯ ಪಿ.ಯು.ಸಿ. ಮುಗಿಸಿದ್ದಳು. ಸಿ.ಇ.ಟಿ.ಯಲ್ಲಿ ಎಂಜಿನಿಯರಿಂಗ್ ಸೀಟು ಸಿಗುವಷ್ಟು ರ‍್ಯಾಂಕೂ ಬಂದಿತ್ತು. ಆಕೆಗೋ ಬಿ.ಎಸ್‌ಸಿ. ಸೇರಿ ಭೌತಶಾಸ್ತ್ರ ಓದುವ ಹಟ. ತಂದೆಯ ಸಹಿ ಬೇಕಿದ್ದ ಅರ್ಜಿ ಮೂರು ದಿನಗಳಿಂದ ಬಿಲ್ ಪುಸ್ತಕದ ಕೆಳಗೆ ಬಿದ್ದಿತ್ತು.

“ಓದಿ ಏನು ಮಾಡ್ತೀಯಮ್ಮಾ?”

“ಕಪ್ಪುಕುಳಿಗಳ ಬಗ್ಗೆ ಸಂಶೋಧನೆ ಮಾಡ್ಬೇಕು ಅಂತ ಆಸೆ ಅಪ್ಪಾ.”

“ಅದರೊಳಗಿಂದ ಬೆಳಕೂ ಹೊರಗೆ ಬರಲ್ಲ ಅಂತ ನೀನೇ ಹೇಳ್ತೀಯ. ಕಾಣದೇ ಇರೋದನ್ನ ಇದೆ ಅಂತ ಹೇಳೋದು ಹೇಗೆ? ಇಲ್ಲದ ಸಾಮಾನಿಗೆ ಬಿಲ್ ಹಾಕಿದ ಹಾಗಾಯ್ತು!”

“ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತಲ್ಲ, ಅವಳು ಕರೆದಲ್ಲಿಗೆ ಒಂದು ಸಲ ಹೋಗಿಬನ್ನಿ” ಎಂದು ಅಡುಗೆಮನೆಯಿಂದ ತಾಯಿಯ ತೀರ್ಪು ಬಂತು.

ಹಾಗೆ ತಂದೆ ಮಗಳು ವಿಜಯನಗರದಲ್ಲಿ ಮೆಟ್ರೊ ಹತ್ತಿದರು. ಹೋಗಬೇಕಾದದ್ದು ಜವಾಹರಲಾಲ್ ನೆಹರೂ ತಾರಾಲಯಕ್ಕೆ. “ಅದನ್ನ ಕಟ್ಟಿ ಬೆಳೆಸಿದ ವಿಶ್ವೇಶ್ವರ ಅವರೇ ನಿಮ್ಮ ಪ್ರಶ್ನೆಗೂ ಉತ್ತರ ಹುಡುಕಿದ್ದು” ಎಂದಳು ಮಗಳು. ಮೆಜೆಸ್ಟಿಕ್ ದಾಟುತ್ತಲೇ, ಮುಂದಿನದು ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ ಎಂಬ ಪ್ರಕಟಣೆ ಕೇಳಿತು. ತಂದೆ ಗೆದ್ದವರಂತೆ ನಕ್ಕರು. “ನೋಡಿದ್ಯಾ, ಅವರೂ ಎಂಜಿನಿಯರೇ!”

“ಅವರು ಎಂ.ವಿ. ಅಪ್ಪಾ. ನಾನು ಹೇಳಿದ್ದು ಸಿ.ವಿ. ವಿಶ್ವೇಶ್ವರ.”

ಈ ಎರಡನೆಯ ಹೆಸರು ಬೆಂಗಳೂರಿನವರಿಗೇ ಅಷ್ಟಾಗಿ ಗೊತ್ತಿಲ್ಲ. ಸಿ.ವಿ. ವಿಶ್ವೇಶ್ವರ ಹುಟ್ಟಿದ್ದು 1938ರಲ್ಲಿ, ಇದೇ ಬೆಂಗಳೂರಿನಲ್ಲಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿ ಅಮೆರಿಕಕ್ಕೆ ಹೋದರು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆಗೆ ತೊಡಗಿದಾಗ ‘ಕಪ್ಪುಕುಳಿ’ ಎಂಬ ಹೆಸರೇ ಇನ್ನೂ ರೂಢಿಗೆ ಬಂದಿರಲಿಲ್ಲ. ಜಾನ್ ವೀಲರ್ ಅದನ್ನು ಜನಪ್ರಿಯಗೊಳಿಸಿದ್ದು 1967ರಲ್ಲಿ.

ತಾರಾಲಯದ ಕನ್ನಡ ಪ್ರದರ್ಶನ ಮುಗಿದ ಮೇಲೆ ಇಬ್ಬರೂ ಹೊರಗೆ ಮರದ ನೆರಳಿನಲ್ಲಿ ಕುಳಿತರು. ಮಗಳು ಮೊದಲಿನಿಂದ ಹೇಳತೊಡಗಿದಳು.

ನಕ್ಷತ್ರವೆಂದರೆ ಇಬ್ಬರ ಹಗ್ಗಜಗ್ಗಾಟ. ತನ್ನ ಭಾರಕ್ಕೆ ತಾನೇ ಕುಸಿಯಬೇಕೆನ್ನುತ್ತದೆ ಗುರುತ್ವ. ಒಡಲಿನಲ್ಲಿ ಜಲಜನಕ ಬೆಸೆದು ಹೀಲಿಯಂ ಆಗುವಾಗ ಹುಟ್ಟುವ ಶಾಖದ ಒತ್ತಡ ಅದನ್ನು ಹೊರಕ್ಕೆ ತಳ್ಳುತ್ತದೆ. ಉರುವಲು ಮುಗಿದ ದಿನ ಗುರುತ್ವಕ್ಕೆ ಗೆಲುವು. ಸೂರ್ಯನಂಥ ನಕ್ಷತ್ರ ಕುಗ್ಗಿ ಶ್ವೇತಕುಬ್ಜವಾಗಿ ನಿಲ್ಲುತ್ತದೆ. ಆದರೆ ಉಳಿದ ತಿರುಳು ಸೂರ್ಯನ ಸುಮಾರು 1.4 ಪಟ್ಟಿಗಿಂತ ಭಾರವಿದ್ದರೆ ಹಾಗೆ ನಿಲ್ಲಲಾರದು ಎಂದು ತೋರಿಸಿದವರು ನಮ್ಮ ಎಸ್. ಚಂದ್ರಶೇಖರ್. ಅಂಥ ತಿರುಳು ಇನ್ನೂ ಕುಸಿದು ನ್ಯೂಟ್ರಾನ್ ನಕ್ಷತ್ರವಾಗುತ್ತದೆ. ಸುಮಾರು ಮೂರು ಸೂರ್ಯರ ಭಾರ ಮೀರಿದರೆ ತಡೆಯುವ ಶಕ್ತಿ ಯಾವುದೂ ಇಲ್ಲ. ಅದು ಕುಸಿಯುತ್ತಲೇ ಹೋಗುತ್ತದೆ. ಬೆಳಕೂ ಹಿಂತಿರುಗಲಾರದ ಒಂದು ಎಲ್ಲೆ ಮಾತ್ರ ಉಳಿಯುತ್ತದೆ. ಅದೇ ಕಪ್ಪುಕುಳಿ. ಸೂರ್ಯನನ್ನು ಹಾಗೆ ಮಾಡಬೇಕಾದರೆ ಅವನನ್ನು 3 ಕಿಲೋಮೀಟರ್ ತ್ರಿಜ್ಯದ ಉಂಡೆಯಾಗಿ ಅದುಮಬೇಕು.

“ಸರಿ, ಆದರೆ ಇದೆಲ್ಲ ಲೆಕ್ಕ. ಇದೆ ಅನ್ನೋದಕ್ಕೆ ಸಾಕ್ಷಿ?”

“ಅಂಗಡಿಯಲ್ಲಿ ನೀವು ಗಂಟೆ ತಟ್ಟಿ ನೋಡ್ತೀರಲ್ಲ, ಅದೇ!”

ವಿಶ್ವೇಶ್ವರ ಕೇಳಿಕೊಂಡ ಮೊದಲ ಪ್ರಶ್ನೆ ವ್ಯಾಪಾರಿಗೂ ಹೊಳೆಯುವಂಥದ್ದು: ತಟ್ಟಿದರೆ ಇದು ಒಡೆದುಹೋಗುತ್ತದೆಯೇ? ಹಾಗಾಗುವಂತಿದ್ದರೆ ಅದು ಪ್ರಕೃತಿಯಲ್ಲಿ ಉಳಿಯಲಾರದು. ತಿರುಗದ ಕಪ್ಪುಕುಳಿಯನ್ನು ಅಲ್ಲಾಡಿಸಿದರೂ ಅದು ಮತ್ತೆ ನೆಲೆಗೊಳ್ಳುತ್ತದೆ ಎಂದು ಅವರು ಗಣಿತದಿಂದ ತೋರಿಸಿದರು. ಎರಡನೆಯ ಪ್ರಶ್ನೆ: ತಟ್ಟಿದರೆ ಅದರ ನಾದವೇನು? ಕಾಗದದ ಮೇಲಿನ ಕಪ್ಪುಕುಳಿಯ ಮೇಲೆ ಗುರುತ್ವದ ಅಲೆಗಳನ್ನು ಎಸೆದು, ಹಿಂತಿರುಗುವುದೇನೆಂದು ಲೆಕ್ಕ ಹಾಕಿದರು. ಎಸೆದ ಅಲೆ ಸಾಕಷ್ಟು ಕಿರಿದಾಗಿದ್ದಾಗ ಕಪ್ಪುಕುಳಿ ಗಂಟೆಯಂತೆ ಮಿಡಿದು, ಬೇಗನೆ ಅಡಗುತ್ತಿತ್ತು. 1970ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾದಾಗ ಅವರಿಗೆ 32 ವರ್ಷ.

ತಂದೆ ನಡುವೆ ಬಾಯಿ ಹಾಕಿದರು. “ಗಂಟೆಯನ್ನ ಸೌಟಿನಿಂದ ಬಡಿದರೂ ಅಷ್ಟೇ, ಬೆರಳಿಂದ ತಟ್ಟಿದರೂ ಅಷ್ಟೇ. ದನಿ ಜೋರಾಗಬಹುದು, ಆದರೆ ಶ್ರುತಿ ಗಂಟೆಯದ್ದೇ. ದೊಡ್ಡದಕ್ಕೆ ಮಂದ್ರ, ಚಿಕ್ಕದಕ್ಕೆ ಕೀಚಲು.”

ಮಗಳ ಮುಖ ಅರಳಿತು. ವಿಷಯವೂ ಅದೇ ಆಗಿತ್ತು. ಆ ಮಿಡಿತದ ಶ್ರುತಿ ತಟ್ಟಿದ್ದು ಯಾವುದರಿಂದ ಎಂಬುದನ್ನು ಅವಲಂಬಿಸಿಲ್ಲ. ಕಪ್ಪುಕುಳಿಯ ಭಾರ, ಅದು ತಿರುಗುವ ವೇಗ ಇವೆರಡೇ ಅದನ್ನು ನಿರ್ಧರಿಸುತ್ತವೆ. ಭಾರ ಹೆಚ್ಚಿದಷ್ಟೂ ಶ್ರುತಿ ಕೆಳಗೆ.

ಆ ನಾದವನ್ನು ಕೇಳುವ ಕಿವಿ ಸಿದ್ಧವಾಗಲು 45 ವರ್ಷ ಬೇಕಾಯಿತು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ‘ಲೈಗೊ’ ಉಪಕರಣಗಳು ಒಂದು ಅಲೆಯನ್ನು ಹಿಡಿದವು. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ 36 ಮತ್ತು 29 ಸೂರ್ಯರಷ್ಟು ಭಾರದ ಎರಡು ಕಪ್ಪುಕುಳಿಗಳು ಸುತ್ತಿ ಸುತ್ತಿ ಒಂದಾಗಿದ್ದವು. ಹುಟ್ಟಿದ ಹೊಸ ಕಪ್ಪುಕುಳಿ ಸೆಕೆಂಡಿಗೆ ಸುಮಾರು 250 ಸಲದಂತೆ ಮಿಡಿದು ಕ್ಷಣಾರ್ಧದೊಳಗೆ ಅಡಗಿತು. ಅದರ ಭಾರ 62 ಸೂರ್ಯರಷ್ಟು.

“ತಾಳು, 36ಕ್ಕೆ 29 ಕೂಡಿದರೆ 65. ತೂಕದಲ್ಲಿ ಮೂರು ಕಡಿಮೆ ಬಂತಲ್ಲ! ಎಲ್ಲಿ ಹೋಯ್ತು?”

“ಅದೇ ಅಲೆಯಾಗಿ ಹೊರಟುಹೋಯ್ತು. ಐನ್‌ಸ್ಟೈನರ ಲೆಕ್ಕದಂತೆ ಮೂರು ಸೂರ್ಯರಷ್ಟು ದ್ರವ್ಯ ಶಕ್ತಿಯಾಯ್ತು. ಅದರ ಒಂದು ಕಣ ನಮ್ಮನ್ನು ಮುಟ್ಟಿದ್ದು.”

ಇದೊಂದೇ ಸಾಕ್ಷಿಯಲ್ಲ. ಹಂಸ ರಾಶಿಯ ಒಂದು ದೊಡ್ಡ ನಕ್ಷತ್ರ 5.6 ದಿನಕ್ಕೊಮ್ಮೆ ಕಾಣದ ಜೊತೆಗಾರನನ್ನು ಸುತ್ತುತ್ತದೆ; ಅದರಿಂದ ಸೆಳೆದ ಅನಿಲ ಒಳಗೆ ಬೀಳುವ ಮುನ್ನ ಕಾದು ಎಕ್ಸ್-ಕಿರಣ ಸೂಸುತ್ತದೆ. ನಮ್ಮ ಆಕಾಶಗಂಗೆಯ ನಡುವೆ ಒಂದು ನಕ್ಷತ್ರ 16 ವರ್ಷಕ್ಕೊಮ್ಮೆ ಸುತ್ತುವ ರೀತಿ ನೋಡಿದರೆ, ಅಲ್ಲಿ 40 ಲಕ್ಷ ಸೂರ್ಯರ ಭಾರ ಅಡಗಿದೆ. 2019ರಲ್ಲಿ ಎಂ87 ಎಂಬ ಗೆಲಾಕ್ಸಿಯ ಕಪ್ಪುಕುಳಿಯ ನೆರಳಿನ ಚಿತ್ರವೇ ಬಂತು. ಆದರೆ ಕಪ್ಪುಕುಳಿಯ ಸ್ವಂತ ದನಿ ಎಂದರೆ ವಿಶ್ವೇಶ್ವರ ಲೆಕ್ಕ ಹಾಕಿದ ಆ ಮಿಡಿತ.

“ನಲವತ್ತೈದು ವರ್ಷ! ಅಲ್ಲಿಯವರೆಗೆ ಅವರು ಏನು ಮಾಡಿದ್ರು?” ತಂದೆಯ ದನಿಯಲ್ಲಿ ಈಗ ವಾದವಿರಲಿಲ್ಲ, ಆತಂಕವಿತ್ತು.

ಕಾಯುತ್ತಾ ಕೂರಲಿಲ್ಲ. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ಆಮೇಲೆ ಭಾರತೀಯ ಖಭೌತ ಸಂಸ್ಥೆಯಲ್ಲಿ ಕೆಲಸ ಮಾಡಿದರು. 1989ರಲ್ಲಿ ತೆರೆದ ಈ ತಾರಾಲಯದ ಸ್ಥಾಪಕ ನಿರ್ದೇಶಕರಾಗಿ ಊರಿನ ಮಕ್ಕಳಿಗೆ ಆಕಾಶ ತೋರಿಸಿದರು. ಲೈಗೊ ಸುದ್ದಿ ಪ್ರಕಟವಾದದ್ದು 2016ರ ಫೆಬ್ರವರಿ 11ರಂದು. ಆಗ ಅವರಿಗೆ 77 ವರ್ಷ. ಮರುವರ್ಷದ ಜನವರಿ 16ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ಹನ್ನೊಂದು ತಿಂಗಳ ಅಂತರದಲ್ಲಿ ಉತ್ತರ ಅವರ ಕಿವಿ ತಲುಪಿತ್ತು.

“ನಿನಗೆ ಅಷ್ಟೂ ಸಿಗದೇ ಹೋಗಬಹುದು” ಎಂದರು ತಂದೆ.

“ಹೌದು ಅಪ್ಪಾ, ಗೊತ್ತು.”

ವಾಪಸು ಬರುವಾಗ ಇಬ್ಬರೂ ಹೆಚ್ಚು ಮಾತನಾಡಲಿಲ್ಲ. ರಾತ್ರಿ ಊಟವಾದ ಮೇಲೆ ತಂದೆ ಅಂಗಡಿಯ ಬೀಗದ ಕೈ ತೆಗೆದುಕೊಂಡು ಹೊರಟರು. ಬಿಲ್ ಪುಸ್ತಕದ ಕೆಳಗಿನ ಅರ್ಜಿಯನ್ನು ತಂದು ದೀಪದ ಕೆಳಗೆ ಹರಡಿದರು. ತಂದೆಯ ಉದ್ಯೋಗ ಎಂಬಲ್ಲಿ ‘ಪಾತ್ರೆ ವ್ಯಾಪಾರ’ ಎಂದು ದುಂಡಗೆ ಬರೆದು, ಕೆಳಗೆ ಸಹಿ ಹಾಕಿದರು.