ತನ್ನ ಡಂಗುರ ತಾನೇ

ಗಾಯಕರು ಶ್ರುತಿ ಹಿಡಿದು ಕುಳಿತರೆ ಸಾಕು, ಉಳಿದುದನ್ನು ಸಭೆಯವರು ನೋಡಿಕೊಳ್ಳುವರೆಂಬ ನಂಬಿಕೆ ನಮ್ಮಲ್ಲಿದೆ. ಬೆಂಗಳೂರಿನಲ್ಲಿ ಗಾಯನ ಸಮಾಜ 1905ರಲ್ಲಿ ಹುಟ್ಟಿದಂದಿನಿಂದ ಇಂಥ ಸಭೆಗಳು ಎಷ್ಟೋ ಕಲಾವಿದರನ್ನು ಪೊರೆದಿವೆ, ನಿಜ. ಆದರೆ ಸಭೆಯ ಕರೆ ಬಾರದವರ ಪಾಡೇನು?

ನಾನು ಆ ಪಂಗಡದವಳು. ವರ್ಷಕ್ಕೆರಡು ಬಾರಿ ಸಣ್ಣ ಸಭಾಂಗಣವೊಂದನ್ನು ಬಾಡಿಗೆಗೆ ಹಿಡಿದು, ಟಿಕೆಟು ಮಾರಿ, ಕಚೇರಿ ಮಾಡುತ್ತೇನೆ. ಮಂಗಳ ಹಾಡಿ ಮುಗಿಸಿದೊಡನೆ ಪಕ್ಕವಾದ್ಯದವರ ಸಂಭಾವನೆ ಅವರ ಕೈಸೇರಬೇಕೆಂಬುದು ನನ್ನ ವ್ರತ. ಧ್ವನಿವರ್ಧಕದವನು ಮಂಗಳದವರೆಗೆ ಕಾಯುವವನಲ್ಲ. ಅವನಿಗೆ ಮುಂಗಡವೇ ಬೇಕು. ಎಲ್ಲರದೂ ತೀರಿದ ಮೇಲೆ ನನಗುಳಿಯುವುದು ಒಮ್ಮೊಮ್ಮೆ ಆಟೋ ಬಾಡಿಗೆ.

ಹಣಕ್ಕಿಂತಲೂ ಕಠಿನವಾದುದು ಆತ್ಮಸ್ತುತಿ. "ಸುಪ್ರಸಿದ್ಧ ವಿದುಷಿ" ಎಂದು ನಾನೇ ಬರೆದು, ಅನ್ಯರು ಬರೆದಂತೆ ವಾಟ್ಸಪ್ಪಿನಲ್ಲಿ ಹಂಚಬೇಕು! ಅದನ್ನೋದಿದ ನಮ್ಮ ಯಜಮಾನರು, "ಯಾರೀಕೆ? ಒಮ್ಮೆ ಪರಿಚಯ ಮಾಡಿಸು" ಎಂದರು. ಈಗ ವಿಶೇಷಣಗಳನ್ನು ಕೈಬಿಟ್ಟು, ಹಾಡಲಿರುವ ರಾಗ, ಕೃತಿಗಳನ್ನಷ್ಟೇ ತಿಳಿಸುತ್ತೇನೆ.

ಕರೆಯಿಲ್ಲದೆ ವೇದಿಕೆಯೇರುವುದು ಹೆಂಗಸಿಗೆ ಸಲ್ಲದೆನ್ನುವ ಹಿರಿಯರು ನಮ್ಮ ಬಂಧುಗಳಲ್ಲಿದ್ದಾರೆ. ಅವರಿಗೆ ನಾನು ಬೆಂಗಳೂರು ನಾಗರತ್ನಮ್ಮನವರನ್ನು ನೆನಪಿಸುತ್ತೇನೆ. ತಾವು ಹಾಡಿ ಗಳಿಸಿದ ಹಣದಿಂದ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ ಆಕೆಗೇ ಅಲ್ಲಿನ ಆರಾಧನೆಯಲ್ಲಿ ಹಾಡಲು ಅವಕಾಶವಿರಲಿಲ್ಲ. ಹೆಂಗಸರಿಗೆ ಆಗ ಅದು ನಿಷಿದ್ಧ. 1927ರಲ್ಲಿ ಅವರು ಹೆಂಗಸರನ್ನೇ ಕೂಡಿಸಿ, ಗುಡಿಯ ಹಿಂಭಾಗದಲ್ಲಿ ಬೇರೆಯೇ ಆರಾಧನೆ ನಡೆಸಿದರು. ಅವರಿಗೆ ಕರೆಯೋಲೆ ಕಳುಹಿಸಿದವರಾರು?

ಮುಂದಿನ ತಿಂಗಳ ಕಚೇರಿಗೆ ಇದುವರೆಗೆ 41 ಟಿಕೆಟುಗಳು ಹೋಗಿವೆ. ಸಭಾಂಗಣದ ಬಾಡಿಗೆಯೂ ಪಿಟೀಲಿನವರ ಸಂಭಾವನೆಯೂ ಹುಟ್ಟಿದಂತಾಯಿತು. ಮೃದಂಗದವರದು ಇನ್ನೂ ಆಗಬೇಕು.